ಸಹಿ ಯಾರದ್ದು ನೋಡಿ: ಬಿಎಇ ಕಂಪನಿ ಮತ್ತು ಬ್ರಿಟನ್ ಸರ್ಕಾರ

ಪ್ರಶ್ನೆ: ನಾವು ಬೀದರ್‌ನವರು. ನಮ್ಮ ಮನೆ ಮೇಲೆ ದಿನಾ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಹಾರುತ್ತವೆ. ಇವು ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ ಕಂಪನಿಯ ವಿಮಾನಗಳು ಅಂತ ಮಗ ಹೇಳಿದ. ಆ ಕಂಪನಿ ಮೇಲೆ ಲಂಚದ ತನಿಖೆ ನಡೆಯುತ್ತಿದ್ದಾಗ ಅಲ್ಲಿನ ಸರ್ಕಾರವೇ ಅದನ್ನು ನಿಲ್ಲಿಸಿತು ಅಂತ ಎಲ್ಲೋ ಓದಿದೆ. ಒಂದು ಖಾಸಗಿ ಕಂಪನಿಗಾಗಿ ಸರ್ಕಾರ ಇಷ್ಟು ದೂರ ಯಾಕೆ ಹೋಗುತ್ತದೆ? ಮಂತ್ರಿಗಳಿಗೆ ದುಡ್ಡು ಹೋಗಿತ್ತು ಅಂತ ತಿಳಿಯಬೇಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬ್ರಿಟಿಷ್ ಮಂತ್ರಿಗಳ ಜೇಬಿಗೆ ದುಡ್ಡು ಹೋಗಿದ್ದರಿಂದ ತನಿಖೆ ನಿಂತಿತು ಅನ್ನುವುದಕ್ಕೆ ಪುರಾವೆ ಇಲ್ಲ. ಹಾಗೆ ತಿಳಿದುಕೊಂಡರೆ ನಿಜವಾದ ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮೂರಿನ ತೊಗರಿ ಮಂಡಿಯನ್ನು ನೆನಪು ಮಾಡಿಕೊಳ್ಳಿ. ಕೊಳ್ಳುವವನು, ದಲ್ಲಾಳಿ, ತೂಕ ಮಾಡುವವನು, ತಕರಾರು ಬಂದರೆ ಪಂಚಾಯ್ತಿ ಮಾಡುವವನು, ಎಲ್ಲರೂ ಒಬ್ಬನೇ ಆದರೆ ಏನಾಗುತ್ತದೆ? ಅವನು ಒಂದು ರೂಪಾಯಿ ಲಂಚ ಮುಟ್ಟದೇ ಇರಬಹುದು. ಆದರೂ ಆ ಮಂಡಿಯಲ್ಲಿ ರೈತನಿಗೆ ನ್ಯಾಯ ಸಿಗುವುದು ಕಷ್ಟ. ಬ್ರಿಟನ್ನಿನಲ್ಲಿ ಆಯುಧ ಕಂಪನಿಗೂ ಸರ್ಕಾರಕ್ಕೂ ಇರುವ ಸಂಬಂಧ ಹೆಚ್ಚೂಕಡಿಮೆ ಇಂಥದ್ದು. ಅಂಗಡಿ-ಗಿರಾಕಿ ಅನ್ನುವುದಕ್ಕಿಂತ ಬೀಗತನ ಅನ್ನುವುದೇ ಸರಿ.

ಈ ಬೀಗತನ ಹೇಗೆ ಬೆಳೆಯಿತು? ಬ್ರಿಟನ್ನಿನ ದೊಡ್ಡ ವಿಮಾನ ಕಂಪನಿಗಳನ್ನು ಸರ್ಕಾರ 1977ರಲ್ಲಿ ರಾಷ್ಟ್ರೀಕರಣ ಮಾಡಿ ಬ್ರಿಟಿಷ್ ಏರೋಸ್ಪೇಸ್ ಎಂಬ ಒಂದೇ ಕಂಪನಿ ಮಾಡಿತು. ಮಾರ್ಗರೇಟ್ ಥ್ಯಾಚರ್ ಪ್ರಧಾನಿಯಾಗಿ ಬಂದ ಮೇಲೆ ಅದನ್ನೇ ಖಾಸಗಿಗೆ ಮಾರಿದರು. 1981ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 1985ರಲ್ಲಿ ಉಳಿದದ್ದು. ಆದರೆ ಒಂದೇ ಒಂದು ಷೇರನ್ನು ಸರ್ಕಾರ ಬಿಟ್ಟುಕೊಡಲಿಲ್ಲ. ಅದರ ಬೆಲೆ ಒಂದು ಪೌಂಡ್. ಅದನ್ನು ಗೋಲ್ಡನ್ ಷೇರ್ ಅನ್ನುತ್ತಾರೆ. ಆ ಒಂದು ಪೌಂಡಿನ ಬಲದಿಂದ ಕಂಪನಿ ವಿದೇಶಿಯರ ಕೈಗೆ ಹೋಗದಂತೆ ಸರ್ಕಾರ ತಡೆಯಬಹುದು. ಕಂಪನಿಯ ಸಿಇಒ ಬ್ರಿಟಿಷ್ ಪ್ರಜೆಯೇ ಆಗಿರಬೇಕು. 1999ರಲ್ಲಿ ಮಾರ್ಕೋನಿಯ ರಕ್ಷಣಾ ವಿಭಾಗವೂ ಸೇರಿಕೊಂಡು ಇದು ಬಿಎಇ ಸಿಸ್ಟಮ್ಸ್ ಆಯಿತು. ಹೀಗಾಗಿ ಹೆಸರಿಗೆ ಖಾಸಗಿ, ಆದರೆ ಮನೆಯ ಒಂದು ಕೀಲಿ ಇಂದಿಗೂ ಸರ್ಕಾರದ ಹತ್ತಿರವೇ ಇದೆ.

ಇನ್ನೊಂದು ಕೀಲಿ ಕಂಪನಿಯ ಹತ್ತಿರವಿತ್ತು ಅಂತ ಬರೆದವರು ರಾಬಿನ್ ಕುಕ್. ಟೋನಿ ಬ್ಲೇರ್ ಸರ್ಕಾರದಲ್ಲಿ 1997ರಿಂದ 2001ರವರೆಗೆ ವಿದೇಶಾಂಗ ಮಂತ್ರಿಯಾಗಿದ್ದರು. ಪ್ರಧಾನಿ ನಿವಾಸದ ತೋಟದ ಬಾಗಿಲಿನ ಕೀಲಿ ಬಿಎಇ ಅಧ್ಯಕ್ಷರ ಬಳಿ ಇದ್ದಂತೆ ಕಂಡಿತು, ಆ ಕಂಪನಿಗೆ ತೊಂದರೆಯಾಗುವಂಥ ನಿರ್ಧಾರ ಅಲ್ಲಿಂದ ಬಂದಿದ್ದನ್ನು ನಾನು ನೋಡಲೇ ಇಲ್ಲ ಅಂತ ಅವರು ನಂತರ ಬರೆದುಕೊಂಡರು. ಇದು ಹೊರಗೆ ನಿಂತು ಕೂಗುವ ವಿರೋಧಿಯ ಮಾತಲ್ಲ. ಸಂಪುಟದೊಳಗೆ ಕೂತಿದ್ದ ಮನುಷ್ಯನ ಮಾತು.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರೋಣ. ಅದು ಸೌದಿ ಅರೇಬಿಯಾದ ಒಪ್ಪಂದ. ಹೆಸರು ಅಲ್ ಯಮಾಮಾ. ಅರೇಬಿಕ್‌ನಲ್ಲಿ ಪಾರಿವಾಳ ಅಂತ ಅರ್ಥ.

1980ರ ದಶಕದಲ್ಲಿ ಸೌದಿಗೆ ಹೊಸ ಯುದ್ಧವಿಮಾನ ಬೇಕಿತ್ತು. ಅದು ಮೊದಲು ಕೇಳಿದ್ದು ಅಮೆರಿಕದ ಎಫ್-15 ವಿಮಾನಗಳನ್ನು. ಇಸ್ರೇಲಿಗೆ ಅಪಾಯ ಅನ್ನುವ ವಿರೋಧ ಅಮೆರಿಕದ ಸಂಸತ್ತಿನಲ್ಲಿ ಎದ್ದಿತು. ಆ ಸಂದಿಯಲ್ಲಿ ಬ್ರಿಟನ್ ನುಗ್ಗಿತು. 1985ರ ಏಪ್ರಿಲ್‌ನಲ್ಲಿ ಥ್ಯಾಚರ್ ಸ್ವತಃ ರಿಯಾದ್‌ಗೆ ಹೋಗಿ ರಾಜ ಫಹದ್ ಜೊತೆ ಮಾತಾಡಿದರು. ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಸಹಿ ಬಿತ್ತು. 72 ಟಾರ್ನೇಡೊ, 30 ಹಾಕ್, 30 ಪಿಸಿ-9 ತರಬೇತಿ ವಿಮಾನ. ಇಲ್ಲಿ ಸಹಿಯನ್ನು ಗಮನಿಸಿ. ಒಂದು ಕಡೆ ಸೌದಿ ರಕ್ಷಣಾ ಮಂತ್ರಿ ರಾಜಕುಮಾರ ಸುಲ್ತಾನ್. ಇನ್ನೊಂದು ಕಡೆ ಬ್ರಿಟನ್ನಿನ ರಕ್ಷಣಾ ಮಂತ್ರಿ ಮೈಕೆಲ್ ಹೆಸೆಲ್ಟೈನ್. ಒಪ್ಪಂದ ಆದದ್ದು ಎರಡು ಸರ್ಕಾರಗಳ ನಡುವೆ. ಸರ್ಕಾರದ ಕೈಕೆಳಗೆ ಕೆಲಸ ಮಾಡುವ ಮುಖ್ಯ ಗುತ್ತಿಗೆದಾರ ಬಿಎಇ.

ದುಡ್ಡು ಹರಿದ ದಾರಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಸೌದಿ ನಗದು ಕೊಡಲಿಲ್ಲ, ಕಚ್ಚಾ ತೈಲ ಕೊಟ್ಟಿತು. ದಿನಕ್ಕೆ ಲಕ್ಷಗಟ್ಟಲೆ ಬ್ಯಾರೆಲ್. ಶೆಲ್ ಮತ್ತು ಬಿಪಿ ಕಂಪನಿಗಳು ಆ ತೈಲವನ್ನು ಮಾರುತ್ತಿದ್ದವು. ಬಂದ ಹಣ ಬ್ರಿಟನ್ ರಕ್ಷಣಾ ಇಲಾಖೆಯ ಖಾತೆಗೆ ಹೋಗುತ್ತಿತ್ತು. ಅಲ್ಲಿಂದ ಬಿಎಇಗೆ. ಈ ಒಂದು ಯೋಜನೆ ನೋಡಿಕೊಳ್ಳುವುದಕ್ಕೇ ರಕ್ಷಣಾ ಇಲಾಖೆಯಲ್ಲಿ ಪ್ರತ್ಯೇಕ ಕಚೇರಿ ಇತ್ತು. ಇಪ್ಪತ್ತು ವರ್ಷಗಳಲ್ಲಿ ಇದರಿಂದ 43 ಶತಕೋಟಿ ಪೌಂಡ್ ಗಳಿಸಿದ್ದೇವೆ, ಇನ್ನೂ 40 ಶತಕೋಟಿ ಬರಬಹುದು ಎಂದು 2005ರಲ್ಲಿ ಬಿಎಇ ಸಿಇಒ ಮೈಕ್ ಟರ್ನರ್ ಹೇಳಿದ್ದರು. ಕಂಪನಿಯ ಮಾರಾಟದ ಬಿಲ್ಲು, ಸರ್ಕಾರದ ಖಾತೆ, ತೈಲದ ಹಡಗು, ಎಲ್ಲ ಒಂದೇ ದಾರದಲ್ಲಿ ಪೋಣಿಸಿದ್ದು. ಒಂದು ಮಣಿ ಎಳೆದರೆ ಸರವೇ ಬರುತ್ತದೆ.

ಕಮಿಷನ್ ಹೋಗಿದೆ ಎಂಬ ಗುಸುಗುಸು ಮೊದಲ ದಿನದಿಂದಲೂ ಇತ್ತು. ಲೆಕ್ಕ ಪರಿಶೋಧನೆ ಮಾಡುವ ನ್ಯಾಷನಲ್ ಆಡಿಟ್ ಆಫೀಸ್, ಅಂದರೆ ನಮ್ಮ ಸಿಎಜಿ ಇದ್ದ ಹಾಗೆ, ಈ ಒಪ್ಪಂದವನ್ನು ಪರಿಶೀಲಿಸಿ 1992ರಲ್ಲಿ ವರದಿ ಕೊಟ್ಟಿತು. ವರದಿ ಹೊರಗೆ ಬರಲೇ ಇಲ್ಲ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ರಾಬರ್ಟ್ ಶೆಲ್ಡನ್ ಅದನ್ನು ಓದಿದರು. ರಕ್ಷಣಾ ಇಲಾಖೆ ತಪ್ಪು ಪಾವತಿ ಮಾಡಿದ್ದಕ್ಕೆ ಪುರಾವೆ ಇಲ್ಲ ಎಂದರು. ಆದರೆ ಸೌದಿಗೆ ಬೇಜಾರಾಗಿ ಕೆಲಸಗಳು ಹೋದಾವು ಅಂತ ವರದಿಯನ್ನು ಮುಚ್ಚಿಟ್ಟರು. ಶೆಲ್ಡನ್ ಯಾವ ಪಕ್ಷದವರು ಗೊತ್ತಾ? ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷದವರು. ಒಪ್ಪಂದ ಮಾಡಿದ್ದು ಕನ್ಸರ್ವೇಟಿವ್ ಸರ್ಕಾರ. ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸಿದ ಸಂಗತಿ ಇದು. ಪಕ್ಷ ಬದಲಾದರೂ ಮೌನ ಬದಲಾಗಲಿಲ್ಲ. 2006ರಲ್ಲಿ ತನಿಖಾಧಿಕಾರಿಗಳೇ ಆ ವರದಿ ಕೇಳಿದಾಗಲೂ ಆಡಿಟ್ ಆಫೀಸಿನ ಮುಖ್ಯಸ್ಥರು ಕೊಡಲಿಲ್ಲ.

ಆ ತನಿಖೆ ಶುರುವಾದದ್ದು 2004ರಲ್ಲಿ. ಮಾಡುತ್ತಿದ್ದದ್ದು ದೊಡ್ಡ ಆರ್ಥಿಕ ಅಪರಾಧಗಳನ್ನು ನೋಡಿಕೊಳ್ಳುವ ಸೀರಿಯಸ್ ಫ್ರಾಡ್ ಆಫೀಸ್. ಸೌದಿ ಗಣ್ಯರ ಖುಷಿಗಾಗಿ ಬಿಎಇ ಗುಪ್ತ ನಿಧಿ ಇಟ್ಟಿದೆ ಎಂಬುದು ಆರೋಪ. ಕಂಪನಿ ಅಲ್ಲಗಳೆಯಿತು. 2005ರ ಕೊನೆಯಲ್ಲಿ ಕಂಪನಿಯ ಕಡೆಯಿಂದ ಅಟಾರ್ನಿ ಜನರಲ್‌ಗೆ ಪತ್ರ ಹೋಯಿತು. ತನಿಖೆ ಮುಂದುವರಿದರೆ ಸೌದಿ ಜೊತೆಗಿನ ಹೊಸ ವ್ಯವಹಾರ ಕೈತಪ್ಪುತ್ತದೆ, ನಿಲ್ಲಿಸಿ ಅಂತ. ಆಗ ಒಂದು ಸುತ್ತು ಮಂತ್ರಿಗಳ ಅಭಿಪ್ರಾಯ ಕೇಳಿದರು. ತನಿಖೆ ನಡೆಯಲಿ ಎಂದಾಯಿತು. ಇಲ್ಲಿ ಒಂದು ಕಾನೂನಿನ ಸಂಗತಿ ಗೊತ್ತಿರಬೇಕು. ಲಂಚ ವಿರೋಧಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತ್ತು. ಅದರ 5ನೇ ಕಲಮಿನ ಪ್ರಕಾರ ದೇಶದ ಆರ್ಥಿಕ ಲಾಭವನ್ನಾಗಲೀ ಬೇರೆ ದೇಶದ ಜೊತೆಗಿನ ಸಂಬಂಧವನ್ನಾಗಲೀ ನೋಡಿಕೊಂಡು ತನಿಖೆ ಬಿಡುವ ಹಾಗಿಲ್ಲ. ಅಂದರೆ 'ಕೆಲಸ ಹೋಗುತ್ತದೆ' ಎಂಬ ಕಾರಣ ನಡೆಯುವುದಿಲ್ಲ.

2006ರ ಹೊತ್ತಿಗೆ ತನಿಖೆ ಸ್ವಿಟ್ಜರ್ಲೆಂಡಿನ ಬ್ಯಾಂಕ್ ಖಾತೆಗಳ ಬಾಗಿಲಿಗೆ ಬಂತು. ಸೌದಿ ಕಡೆಯಿಂದ ಬೆದರಿಕೆ ಬಂತು. ಇದನ್ನು ನಿಲ್ಲಿಸದಿದ್ದರೆ ಟೈಫೂನ್ ವಿಮಾನಗಳ ಖರೀದಿ ಇಲ್ಲ, ಭಯೋತ್ಪಾದಕರ ಬಗ್ಗೆ ಗುಪ್ತ ಮಾಹಿತಿಯೂ ಇಲ್ಲ. ಲಂಡನ್ ರೈಲು, ಬಸ್‌ಗಳಲ್ಲಿ ಬಾಂಬ್ ಸ್ಫೋಟಿಸಿ 52 ಜನ ಸತ್ತು ಆಗಿನ್ನೂ ಒಂದೂವರೆ ವರ್ಷವಾಗಿತ್ತು. ರಿಯಾದ್‌ನಲ್ಲಿದ್ದ ಬ್ರಿಟನ್ ರಾಯಭಾರಿ ಶೆರಾರ್ಡ್ ಕೌಪರ್-ಕೋಲ್ಸ್, ತನಿಖಾ ಸಂಸ್ಥೆಯ ನಿರ್ದೇಶಕ ರಾಬರ್ಟ್ ವಾರ್ಡಲ್ ಅವರನ್ನು ಭೇಟಿ ಮಾಡಿ, ಬ್ರಿಟನ್ನಿನ ಬೀದಿಗಳಲ್ಲಿ ಜೀವಗಳು ಹೋಗಬಹುದು ಎಂದು ಹೇಳಿದರು. ಒಬ್ಬ ಅಧಿಕಾರಿಯ ಮುಂದೆ ಇಂಥ ಮಾತು ಇಟ್ಟರೆ ಅವನು ಏನು ಮಾಡಬೇಕು, ಹೇಳಿ. 14 ಡಿಸೆಂಬರ್ 2006ರಂದು ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ತನಿಖೆ ನಿಂತಿತು ಎಂದು ಸಂಸತ್ತಿನಲ್ಲಿ ಪ್ರಕಟಿಸಿದರು. ಕಾನೂನಿನ ಪ್ರಕಾರ ನಿರ್ಧಾರ ವಾರ್ಡಲ್ ಅವರದ್ದು. ಕಾರಣ ರಾಷ್ಟ್ರೀಯ ಭದ್ರತೆ. ಇದರ ಪೂರ್ತಿ ಹೊಣೆ ನನ್ನದು ಅಂತ ಬ್ಲೇರ್ ಬಹಿರಂಗವಾಗಿಯೇ ಹೇಳಿದರು. ಯುವರಾಣಿ ಡಯಾನಾ ಸಾವಿನ ಪೊಲೀಸ್ ವರದಿ ಬಂದದ್ದೂ ಅದೇ ದಿನ. ಪತ್ರಿಕೆಗಳ ಮುಖಪುಟ ಆಗಲೇ ತುಂಬಿಹೋಗಿತ್ತು.

ಭದ್ರತೆಯ ಭಯ ಸುಮ್ನೆ ಕಟ್ಟಿದ ಕಥೆ ಎಂದು ನಾನು ಹೇಳುವುದಿಲ್ಲ. ಭಯ ನಿಜವೇ ಇರಬಹುದು. ಆದರೆ ಆ ಭಯ ಬಂದದ್ದು ಎಲ್ಲಿಂದ ಎಂದು ಕೇಳಬೇಕು. ಗಿರಾಕಿಯೇ ಗುಪ್ತಚರ ಸ್ನೇಹಿತ, ಗಿರಾಕಿಯೇ ತೈಲ ಕೊಡುವವನು, ಮಾರುವ ಕಂಪನಿಯ ಪರವಾಗಿ ಸಹಿ ಹಾಕಿದ್ದು ಸರ್ಕಾರ. ಇಷ್ಟೆಲ್ಲ ಎಳೆಗಳನ್ನು ಇಪ್ಪತ್ತು ವರ್ಷ ಕೂತು ಹೆಣೆದ ಮೇಲೆ ಒಂದು ಎಳೆಯನ್ನು ಪೊಲೀಸರು ಹಿಡಿದರೆ ಇಡೀ ದೇಶದ ಭದ್ರತೆ ಅಲುಗಾಡುತ್ತದೆ ಎಂಬ ಸ್ಥಿತಿ ತಾನಾಗಿ ಬಂತು. ಕಂಪನಿ ಸರ್ಕಾರವನ್ನು ಕೊಂಡುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಎರಡು ಸಣ್ಣ ಸಂಘಟನೆಗಳು ಕೋರ್ಟಿಗೆ ಹೋದವು. 2008ರ ಏಪ್ರಿಲ್‌ನಲ್ಲಿ ಹೈಕೋರ್ಟ್ ತನಿಖೆ ನಿಲ್ಲಿಸಿದ್ದು ಕಾನೂನುಬಾಹಿರ ಎಂದಿತು. ಒಳಗಿನವರಾಗಲೀ ಹೊರಗಿನವರಾಗಲೀ ನಮ್ಮ ನ್ಯಾಯದ ಕೆಲಸಕ್ಕೆ ಅಡ್ಡಬರುವ ಹಕ್ಕು ಯಾರಿಗೂ ಇಲ್ಲ ಎಂದು ಖಾರವಾಗಿ ಬರೆಯಿತು. ಜುಲೈನಲ್ಲಿ, ಆಗ ಅಲ್ಲಿನ ಸುಪ್ರೀಂ ಕೋರ್ಟಿನಂತಿದ್ದ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಪೀಠ ಐವರ ಒಮ್ಮತದಿಂದ ಅದನ್ನು ತಿರುಗಿಸಿತು. ಅವರಲ್ಲಿ ಒಬ್ಬರಾದ ಬ್ಯಾರೊನೆಸ್ ಹೇಲ್, ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು, ಸ್ವತಂತ್ರ ಅಧಿಕಾರಿಯೊಬ್ಬರು ಬೆದರಿಕೆಗೆ ಮಣಿಯಬೇಕಾಗಿ ಬಂದದ್ದು ತೀರಾ ಅಸಹ್ಯದ ಸಂಗತಿ ಎಂಬರ್ಥದ ಮಾತು ಬರೆದರು. ಅಷ್ಟು ಹೊತ್ತಿಗೆ, 2007ರಲ್ಲೇ, 72 ಟೈಫೂನ್‌ಗಳ ಸೌದಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಕೌಪರ್-ಕೋಲ್ಸ್ ಸರ್ಕಾರಿ ಸೇವೆ ಬಿಟ್ಟ ಮೇಲೆ 2011ರಲ್ಲಿ ಬಿಎಇ ಸೇರಿದರು. ಅದರಲ್ಲಿ ಕಾನೂನು ಮುರಿದದ್ದೇನೂ ಇಲ್ಲ. ಅಲ್ಲಿ ಅದು ಮಾಮೂಲಿ ಎನ್ನುವುದನ್ನು ತೋರಿಸಲಿಕ್ಕಷ್ಟೇ ಹೇಳಿದೆ.

ಬ್ರಿಟನ್ನಿನಲ್ಲಿ ನಿಂತ ತನಿಖೆ ಅಮೆರಿಕದಲ್ಲಿ ನಿಲ್ಲಲಿಲ್ಲ. ಲಂಚ ತಡೆಯುವ ವ್ಯವಸ್ಥೆಯ ಬಗ್ಗೆ ಅಮೆರಿಕ ಸರ್ಕಾರಕ್ಕೆ ಸುಳ್ಳು ಹೇಳಿದ್ದನ್ನು 2010ರಲ್ಲಿ ಬಿಎಇ ಒಪ್ಪಿಕೊಂಡು 400 ದಶಲಕ್ಷ ಡಾಲರ್ ದಂಡ ಕಟ್ಟಿತು. ಲಂಚ ಕೊಟ್ಟೆವು ಅಂತ ಒಪ್ಪಿಕೊಳ್ಳಲಿಲ್ಲ, ಅದನ್ನೂ ಹೇಳಬೇಕು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಒಪ್ಪಿಕೊಂಡದ್ದು ಟಾಂಜಾನಿಯಾದ ಒಂದು ಪ್ರಕರಣ. ಚಿಕ್ಕದು, ಆದರೆ ನನಗೆ ಅಲ್ ಯಮಾಮಾಗಿಂತ ಹೆಚ್ಚು ಸಂಕಟ ಕೊಡುವುದು ಇದೇ. ಆ ಬಡ ದೇಶಕ್ಕೆ ಬಿಎಇ 28 ದಶಲಕ್ಷ ಪೌಂಡಿನ ರೇಡಾರ್ ವ್ಯವಸ್ಥೆ ಮಾರಿತು. ಆಗ ಅದರ ಸೇನೆಯ ಹತ್ತಿರ ಇದ್ದದ್ದೇ ಎಂಟು ವಿಮಾನ ಎಂದು ವರದಿಯಾಗಿತ್ತು. ಇಷ್ಟು ದುಬಾರಿ ರೇಡಾರ್ ಬೇಡ ಎಂದು ವಿಶ್ವಬ್ಯಾಂಕ್ ಹೇಳಿತ್ತು. ಬ್ರಿಟನ್ನಿನ ಅಭಿವೃದ್ಧಿ ನೆರವಿನ ಮಂತ್ರಿ ಕ್ಲೇರ್ ಶಾರ್ಟ್ ಸಂಪುಟದಲ್ಲಿ ಬೇಡವೆಂದು ಹಟ ಹಿಡಿದರು. ಬ್ಲೇರ್ ಕೇಳಲಿಲ್ಲ, 2001ರಲ್ಲಿ ರಫ್ತು ಪರವಾನಗಿ ಕೊಟ್ಟರು. ಒಂದು ಕೈಯಲ್ಲಿ ಆ ದೇಶಕ್ಕೆ ನೆರವು, ಇನ್ನೊಂದು ಕೈಯಲ್ಲಿ ರೇಡಾರ್ ಬಿಲ್ಲು. ಸ್ಥಳೀಯ ಸಲಹೆಗಾರನೊಬ್ಬನಿಗೆ ಹೋದ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಸರಿಯಾಗಿ ಬರೆದಿಲ್ಲ ಎಂದು ಕಂಪನಿ 2010ರ ಡಿಸೆಂಬರ್‌ನಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅವನು ಬರೀ ಒಳ್ಳೆ ಸಂಬಳದ ಲಾಬಿಗಾರ ಎಂದು ನಂಬುವುದು ಮುಗ್ಧತನ ಎಂಬ ಧಾಟಿಯಲ್ಲಿ ನ್ಯಾಯಾಧೀಶರು ಹೇಳಿದರು. ದಂಡ ಐದು ಲಕ್ಷ ಪೌಂಡ್. ಅದರ ಜೊತೆಗೆ 29.5 ದಶಲಕ್ಷ ಪೌಂಡ್ ಟಾಂಜಾನಿಯಾದ ಜನರಿಗೆ. ಆ ದುಡ್ಡಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ, ಡೆಸ್ಕು ಕೊಂಡರು. ಮಕ್ಕಳು ಡೆಸ್ಕಿಲ್ಲದೆ ನೆಲದ ಮೇಲೆ ಕೂತ ವರ್ಷಗಳಂತೂ ತಿರುಗಿ ಬರಲಿಲ್ಲ.

ಸರ್ಕಾರ ಯಾಕೆ ಬಿಡಿಸಿಕೊಳ್ಳುವುದಿಲ್ಲ ಅಂತ ಕೇಳಬಹುದು. ದೊಡ್ಡ ಕಾರಣ, ಅದಕ್ಕೆ ಬೇರೆ ಅಂಗಡಿಯೇ ಇಲ್ಲ. ಬ್ರಿಟನ್ನಿನ ಅಣು ಜಲಾಂತರ್ಗಾಮಿಗಳನ್ನು ಕಟ್ಟುವುದು ಬ್ಯಾರೋ ಎಂಬ ಊರಿನ ಒಂದೇ ಯಾರ್ಡಿನಲ್ಲಿ, ಅದು ಬಿಎಇಯದ್ದು. ಆ ಊರಿನ ಬದುಕೇ ಆ ಯಾರ್ಡು. ಅಲ್ಲಿ ಯಾವ ಪಕ್ಷದಿಂದ ಗೆದ್ದರೂ ಸಂಸದರು ಮಾತಾಡುವುದು ಯಾರ್ಡಿನ ಪರವಾಗಿಯೇ. ತಪ್ಪು ಅನ್ನುವುದಕ್ಕಾಗುವುದಿಲ್ಲ, ಅವರ ಮತದಾರರ ಅನ್ನದ ಪ್ರಶ್ನೆ. 2009ರಲ್ಲಿ ಸರ್ಕಾರ ಇನ್ನೊಂದು ಒಪ್ಪಂದ ಮಾಡಿಕೊಂಡಿತು. ಹಡಗು ಕಟ್ಟುವ ಕೌಶಲ ಉಳಿಯಲಿ ಎಂದು ಹದಿನೈದು ವರ್ಷ ಬಿಎಇಗೆ ವರ್ಷಕ್ಕೆ 230 ದಶಲಕ್ಷ ಪೌಂಡಿನ ಕೆಲಸ ಖಾತ್ರಿ. ಕೆಲಸ ಕೊಡದಿದ್ದರೂ ದುಡ್ಡು ಕಟ್ಟಬೇಕಿತ್ತು. 2010ರಲ್ಲಿ ಹೊಸ ಪ್ರಧಾನಿ ಡೇವಿಡ್ ಕ್ಯಾಮರಾನ್ ಖರ್ಚು ಕಡಿಮೆ ಮಾಡಲು ಹೊರಟು ಎರಡು ವಿಮಾನವಾಹಕ ಹಡಗುಗಳ ಕಾಗದ ತೆಗೆದು ನೋಡಿದರೆ, ರದ್ದು ಮಾಡುವುದು ಕಟ್ಟುವುದಕ್ಕಿಂತ ದುಬಾರಿ. ಸಂಸತ್ತಿನಲ್ಲೇ ಹಾಗೆಂದರು. ಹಡಗು ಕಟ್ಟಿದರು.

ಇನ್ನೊಂದು ಕಾರಣ, ಮಾರುವುದನ್ನೇ ಸರ್ಕಾರ ತನ್ನ ಕೆಲಸ ಮಾಡಿಕೊಂಡದ್ದು. 1966ರಿಂದಲೂ ರಕ್ಷಣಾ ಇಲಾಖೆಯೊಳಗೆ ಆಯುಧ ಮಾರಾಟಕ್ಕೆ ಒಂದು ವಿಭಾಗ ಇತ್ತು. ಅದರ ಮುಖ್ಯಸ್ಥರನ್ನು ಆಯುಧ ಉದ್ಯಮದಿಂದಲೇ ತರುತ್ತಿದ್ದರು. ಸರ್ಕಾರಿ ಸಂಬಳದ ಮೇಲೆ ಉದ್ಯಮವೂ ಸಂಬಳ ಸೇರಿಸಿ ಕೊಡುತ್ತಿತ್ತು. ಯಲಹಂಕದ ಏರೋ ಇಂಡಿಯಾಕ್ಕೆ ಹೋಗಿದ್ದರೆ ಈ ಪದ್ಧತಿಯನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಅದು ಬ್ರಿಟನ್ನಿನದಷ್ಟೇ ಅಲ್ಲ, ಎಲ್ಲ ದೇಶಗಳದ್ದೂ. ಬಿಸಿಲಲ್ಲಿ ಸೂಟು ಹಾಕಿಕೊಂಡ ರಾಯಭಾರಿ ತನ್ನ ದೇಶದ ಕಂಪನಿಯ ಮಳಿಗೆ ಮುಂದೆ ನಿಂತಿರುತ್ತಾರೆ. ಪಕ್ಕದಲ್ಲಿ ಯೂನಿಫಾರ್ಮಿನ ಅಧಿಕಾರಿ, ಅವರ ಪಕ್ಕ ಕಂಪನಿಯ ಸೇಲ್ಸ್ ಮುಖ್ಯಸ್ಥ. ಕೈಕುಲುಕುವವರಿಗೆ ಯಾರು ಸರ್ಕಾರ, ಯಾರು ಕಂಪನಿ ಅಂತ ಎದೆಯ ಮೇಲಿನ ಬ್ಯಾಡ್ಜ್ ನೋಡಿದರೇ ಗೊತ್ತಾಗಬೇಕು.

ಯೆಮನ್ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. 2015ರ ಮಾರ್ಚ್‌ನಿಂದ ಸೌದಿ ಯೆಮನ್ ಮೇಲೆ ಬಾಂಬ್ ಹಾಕಲು ಹಾರಿಸಿದ್ದರಲ್ಲಿ ಬಿಎಇಯ ಟಾರ್ನೇಡೊ, ಟೈಫೂನ್‌ಗಳೂ ಇದ್ದವು. ನಾಗರಿಕರ ಮೇಲಿನ ಹಿಂದಿನ ದಾಳಿಗಳಲ್ಲಿ ಕಾನೂನು ಮುರಿದಿದೆಯೇ ಎಂದು ತೂಗದೆ ಸೌದಿಗೆ ಆಯುಧ ಮಾರಲು ಪರವಾನಗಿ ಕೊಟ್ಟದ್ದು ತಪ್ಪು ಎಂದು 2019ರಲ್ಲಿ ಬ್ರಿಟನ್ನಿನ ಮೇಲ್ಮನವಿ ಕೋರ್ಟ್ ಹೇಳಿತು. ಒಂದು ವರ್ಷದ ನಂತರ ಸರ್ಕಾರ ಮತ್ತೆ ಪರವಾನಗಿ ಕೊಡಲು ಶುರು ಮಾಡಿತು.

ಇನ್ನು ನಿಮ್ಮ ಮನೆ ಮೇಲಿನ ಹಾಕ್. ಅದಕ್ಕೆ ಮೊದಲು ಒಂದು ಮಾತು. ಬೋಫೋರ್ಸ್ ಹೆಸರು ನಮ್ಮಲ್ಲಿ ಕೇಳದವರಿಲ್ಲ. ಆ ಫಿರಂಗಿ ಮಾಡುವ ಸ್ವೀಡನ್ನಿನ ಘಟಕ 2005ರಿಂದ ಬಿಎಇಗೇ ಸೇರಿದೆ. 1986ರಲ್ಲಿ ನಮಗೆ ಫಿರಂಗಿ ಮಾರಿದಾಗ ಅದು ಬೇರೆ ಕಂಪನಿ, ಆ ಪಾಪ ಬಿಎಇಯದ್ದಲ್ಲ.

ಹಾಕ್ ನಮಗೆ ಬೇಕೇ ಬೇಕಿತ್ತು. ನಮ್ಮ ವಾಯುಪಡೆಯ ಹುಡುಗರು ಬೆಂಗಳೂರಿನ ಎಚ್‌ಎಎಲ್ ಮಾಡಿದ ನಿಧಾನದ ಕಿರಣ್ ವಿಮಾನದಲ್ಲಿ ಕಲಿತು, ನೇರವಾಗಿ ಮಿಗ್-21ರಂಥ ವಿಮಾನ ಹತ್ತಬೇಕಿತ್ತು. ಸೈಕಲ್ಲಿನಿಂದ ಇಳಿದು ಲಾರಿ ಹತ್ತಿದ ಹಾಗೆ. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಕೊಳ್ಳಿ ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ನಾವು ಸಹಿ ಹಾಕಿದ್ದು 2004ರ ಮಾರ್ಚ್‌ನಲ್ಲಿ. ಇಪ್ಪತ್ತೆರಡು ವರ್ಷ. ಆ ಮೆಟ್ಟಿಲಿಲ್ಲದೆ ಮಿಗ್ ಹತ್ತಿದ ಎಳೆಯರ ಮನೆಯವರಿಗೆ ಈ ಲೆಕ್ಕ ಹೇಳಲು ಬಾಯಿ ಬರುವುದಿಲ್ಲ.

ಬ್ರಿಟನ್ ಕಡೆ ಹೇಗೆ ನಡೆಯಿತು ನೋಡಿ. ನಮ್ಮ ಸಂಸತ್ತಿನ ಮೇಲೆ ದಾಳಿಯಾಗಿ ಭಾರತ, ಪಾಕಿಸ್ತಾನದ ಸೇನೆಗಳು ಗಡಿಯಲ್ಲಿ ಎದುರುಬದುರು ನಿಂತಿದ್ದ 2002ರ ಜನವರಿಯಲ್ಲಿ ಬ್ಲೇರ್ ಬೆಂಗಳೂರಿಗೂ ದೆಹಲಿಗೂ ಬಂದಿದ್ದರು. ಶಾಂತಿಯ ಮಾತಿನ ಜೊತೆಗೇ ಹಾಕ್ ಮಾರಾಟದ ಮಾತೂ ನಡೆಯುತ್ತಿತ್ತು. 2003ರ ಜುಲೈನಲ್ಲಿ ಬ್ರಿಟನ್ ತನ್ನ ವಾಯುಪಡೆಗೇ ಟೆಂಡರ್ ಇಲ್ಲದೆ 20 ಹಾಕ್ ಕೊಳ್ಳುವುದಾಗಿ ಹೇಳಿತು. ಕೊಟ್ಟ ಹಣಕ್ಕೆ ಇದು ಸರಿಯಲ್ಲ ಎಂದು ರಕ್ಷಣಾ ಇಲಾಖೆಯ ಅತಿ ಹಿರಿಯ ಅಧಿಕಾರಿ ಕೆವಿನ್ ಟೆಬಿಟ್ ತಕರಾರು ತೆಗೆದರು. ಮಂತ್ರಿ ಜೆಫ್ ಹೂನ್ ಅವರ ಮಾತನ್ನು ಮೀರಿ ಆದೇಶ ಕೊಟ್ಟರು. ಆಗ ಹಾಕ್ ತಯಾರಾಗುತ್ತಿದ್ದ ಬ್ರೋ ಕಾರ್ಖಾನೆ ಇರುವುದು ಹಲ್ ನಗರದ ಪಕ್ಕ. ಆಗಿನ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಆ ನಗರದ ಸಂಸದ. ತಯಾರಿಸುವ ದೇಶವೇ ಕೊಳ್ಳದಿದ್ದರೆ ಭಾರತ ಕೊಂಡೀತೇ ಎಂಬ ವಾದವೂ ಇತ್ತು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ ಮೊದಲಲ್ಲಿ, ದೆಹಲಿ ಒಪ್ಪಿಗೆ ಕೊಟ್ಟಿತು. 66 ವಿಮಾನ. 24 ಅಲ್ಲಿಂದ ಹಾರಿಬಂದವು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಮ್ಮ ಜನರ ಕೈಯಲ್ಲಿ ತಯಾರಾಗಬೇಕಿತ್ತು. 2010ರಲ್ಲಿ ಇನ್ನೂ 57ಕ್ಕೆ ಆರ್ಡರ್ ಕೊಟ್ಟರು.

ವಿಮಾನ ಒಳ್ಳೆಯದೇ. ಸೂರ್ಯಕಿರಣ್ ತಂಡದ ಕೆಂಪು-ಬಿಳಿ ವಿಮಾನಗಳೂ ಅವೇ, ನಿಮ್ಮ ಮಗನಿಗೆ ಹೇಳಿ. ಆದರೆ ವಿಮಾನ ಒಳ್ಳೆಯದು ಎಂಬ ಒಂದೇ ಕಾರಣಕ್ಕೆ ಕೊಂಡ ರೀತಿಯ ಬಗ್ಗೆ ಕೇಳಬಾರದು ಅಂತಿಲ್ಲ ಅಲ್ವಾ. 2023ರಲ್ಲಿ ಸಿಬಿಐ ಈ ಹಾಕ್ ಖರೀದಿಯ ಬಗ್ಗೆ ಎಫ್‌ಐಆರ್ ಹಾಕಿತು. ಅದರ ಎಂಜಿನ್ ಮಾಡಿದ ರೋಲ್ಸ್-ರಾಯ್ಸ್ ಕಂಪನಿ, ಕೆಲವು ಮಧ್ಯವರ್ತಿಗಳು ಮತ್ತಿತರರ ಮೇಲೆ. ಅದು ಆರೋಪ, ತೀರ್ಪಲ್ಲ. ಹಾಕ್ ಬೀದರ್‌ಗೆ ಬಂದದ್ದು 2008ರ ಫೆಬ್ರುವರಿಯಲ್ಲಿ. ಎಫ್‌ಐಆರ್ ಬರುವ ಹೊತ್ತಿಗೆ ಹದಿನೈದು ವರ್ಷ ದಾಟಿತ್ತು. ನಿಮ್ಮೂರಿನ ಆ ರನ್‌ವೇಯಲ್ಲಿ ಮೊದಲ ಬ್ಯಾಚಿನಲ್ಲಿ ಕಲಿತ ಹುಡುಗರು ಅಷ್ಟರಲ್ಲಿ ಬೇರೆಯವರಿಗೆ ಹಾರಲು ಕಲಿಸುವ ವಯಸ್ಸಿಗೆ ಬಂದಿದ್ದರು.